ನಿನ್ನೆ ರಾತ್ರಿ ಆಕಾಶ ಹೇಗಿತ್ತು?

ಪ್ರಶ್ನೆ: ಏಪ್ರಿಲ್ ಕೊನೆಯ ವಾರ ನಾವು ಐದು ಮಂದಿ ಗೆಳೆಯರು ಒಬ್ಬ ಗೈಡ್ ಜೊತೆ ಹಿಮದ ಬೆಟ್ಟಕ್ಕೆ ಹೊರಟಿದ್ದೇವೆ. ಸ್ಕೀ ಯಾರಿಗೂ ಬಾರದು, ಎಲ್ಲರೂ ನಡೆದೇ ಹೋಗುವವರು. ಕಣಿವೆಯಲ್ಲಿ ಎರಡು ರಾತ್ರಿ ಟೆಂಟ್. ಮೂರನೇ ದಿನ ಕಣಿವೆಯ ತುದಿಯಲ್ಲಿರುವ ಪಾಸ್ (ಬೆಟ್ಟಸಾಲು ದಾಟುವ ತಗ್ಗು ಜಾಗ) ಹತ್ತಿ ಆಚೆ ಬದಿಗೆ ಇಳಿಯಬೇಕು. ಹತ್ತುವ ಬದಿ ಪಶ್ಚಿಮಕ್ಕೆ ಮುಖ ಮಾಡಿದೆ, ಇಳಿಯುವ ಬದಿ ಪೂರ್ವಕ್ಕೆ. ಹತ್ತಲು ಐದು ಗಂಟೆ ಬೇಕಂತೆ. ಗೈಡ್ ರಾತ್ರಿ ಎರಡಕ್ಕೇ ಹೊರಡಬೇಕು ಎನ್ನುತ್ತಾರೆ. ಆದರೆ ಹವಾಮಾನ ವರದಿಯ ಪ್ರಕಾರ ಆ ವಾರ ಪೂರ್ತಿ ಬಿಸಿಲು, ಹೊಸ ಹಿಮ ಬೀಳುವುದಿಲ್ಲ. ಹಾಗಿದ್ದ ಮೇಲೆ ಐದಕ್ಕೆ ಹೊರಟರೆ ಸಾಲದೇ ಅಂತ ನಮ್ಮಲ್ಲಿ ಮೂವರ ವಾದ. ಒಬ್ಬ ಗೆಳತಿ, ಪಾಸ್ ಹತ್ತಿರ ಯಾರೂ ಜೋರಾಗಿ ಮಾತಾಡಬಾರದು ಅಂತ ಹೆದರಿಸುತ್ತಿದ್ದಾಳೆ. ಇನ್ನೊಬ್ಬ, ಆ ಇಳಿಜಾರು ಮಾರ್ಚ್‌ನಲ್ಲೇ ಒಮ್ಮೆ ಕುಸಿದಿದೆ, ಇನ್ನು ಭಯವಿಲ್ಲ ಎನ್ನುತ್ತಾನೆ. ಮುನ್ನೆಚ್ಚರಿಕೆಗೆ ಒಂದು ಬೀಕನ್ (ಹಿಮದಲ್ಲಿ ಹೂತವರನ್ನು ಸಿಗ್ನಲ್ ಮೂಲಕ ಹುಡುಕುವ ಸಾಧನ) ಬಾಡಿಗೆಗೆ ತೆಗೆದುಕೊಂಡಿದ್ದೇವೆ. ಗುಂಪಿಗೆ ಒಂದು ಸಾಕಾ? ನಕ್ಷೆಯನ್ನೂ ಟೆಂಟ್ ಹಾಕುವ ಜಾಗದ ಫೋಟೋವನ್ನೂ ಕಳಿಸಿದ್ದೇನೆ. ನಿಜಕ್ಕೂ ಅಪಾಯ ಎಷ್ಟು?

ಉತ್ತರ: ಮೊದಲು ನಿಮ್ಮ ಜಗಳ ಬಗೆಹರಿಸುತ್ತೇನೆ. ನಿಮ್ಮ ಗೈಡ್ ಹೇಳಿದ್ದು ಅತಿಯಲ್ಲ. ನನ್ನನ್ನು ಕೇಳಿದರೆ ಎರಡು ಗಂಟೆಯೂ ಸ್ವಲ್ಪ ತಡವೇ. ಐದಕ್ಕೆ ಹೊರಡುವುದಾದರೆ ಆ ಪಾಸ್ ದಾಟುವ ಯೋಚನೆಯನ್ನೇ ಬಿಡಿ.

ಮುಂದೆ ಹೋಗುವ ಮುಂಚೆ ಒಂದು ಪದದ ವಿಚಾರ. ನಮ್ಮಲ್ಲಿ ಆಕಾಶದಿಂದ ಹಿಮ ಬಿದ್ದರೂ ಹಿಮಪಾತ, ಬೆಟ್ಟದಿಂದ ಹಿಮ ಜಾರಿ ಬಂದರೂ ಹಿಮಪಾತ. ಪತ್ರಿಕೆ ಓದಿದವರಿಗೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಜಾರಿ ಬರುವುದನ್ನು ನಾನಿಲ್ಲಿ ಹಿಮಕುಸಿತ ಎನ್ನುತ್ತೇನೆ. ನಿಮ್ಮ ಗೊಂದಲದ ಮೂಲವೂ ಒಂದು ರೀತಿ ಇಲ್ಲೇ ಇದೆ. ಹಿಮ ಬೀಳದಿದ್ದರೆ ಹಿಮ ಕುಸಿಯುವುದೂ ಇಲ್ಲ ಅಂತ ನೀವು ಅಂದುಕೊಂಡಿದ್ದೀರಿ.

ಚಳಿಗಾಲಕ್ಕೆ ಈ ಲೆಕ್ಕ ಬಹುಮಟ್ಟಿಗೆ ಸರಿ. ಆಗ ಹಿಮ ಒಣಗಿರುತ್ತದೆ. ಒಂದರ ಮೇಲೊಂದು ಪದರ ಕೂರುತ್ತದೆ. ಮಧ್ಯದ ಯಾವುದೋ ಒಂದು ಪದರ ಸಡಿಲವಾಗಿ ಉಳಿದರೆ, ಅದರ ಮೇಲಿನದೆಲ್ಲ ಕಲ್ಲು ಚಪ್ಪಡಿಯ ಹಾಗೆ ಒಟ್ಟಿಗೆ ಕಿತ್ತು ಬರುತ್ತದೆ. ಹೊಸ ಹಿಮದ ಭಾರ ಅಥವಾ ಗಾಳಿ ಹೊತ್ತು ತಂದ ಹಿಮದ ಭಾರ ಇದಕ್ಕೆ ದಾರಿ ಮಾಡುತ್ತದೆ. ಕೊನೆಯ ತಳ್ಳು ಮಾತ್ರ ಸಾಮಾನ್ಯವಾಗಿ ಮನುಷ್ಯರದೇ. ಬೆಟ್ಟ ಸುತ್ತಲು ಹೋಗಿ ಹಿಮಕುಸಿತದಲ್ಲಿ ಸತ್ತವರ ಪ್ರಕರಣಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತರಲ್ಲಿ, ಅದನ್ನು ಬಡಿದೆಬ್ಬಿಸಿದ್ದು ಸತ್ತವರೇ ಅಥವಾ ಅವರ ಗುಂಪಿನವರೇ.

ವಸಂತದ ಒದ್ದೆ ಹಿಮ ಬೇರೆ ಜಾತಿಯದು. ಅದಕ್ಕೆ ನಿಮ್ಮ ತಳ್ಳು ಬೇಕಿಲ್ಲ. ಬಿಸಿಲು ಬಿದ್ದು ಹರಳು ಹರಳುಗಳ ನಡುವಿನ ಬೆಸುಗೆ ಕರಗುತ್ತದೆ. ನೀರು ಕೆಳಗಿಳಿಯುತ್ತದೆ. ಒಂದು ಹೊತ್ತಿಗೆ ಇಳಿಜಾರು ತನ್ನ ಭಾರವನ್ನೇ ತಾಳಲಾರದೆ ತಾನಾಗಿ ಬಿಟ್ಟುಕೊಡುತ್ತದೆ. ನೀವು ಅದರ ಮೇಲೆ ಕಾಲಿಡಬೇಕಂತಲೂ ಇಲ್ಲ. ಕೆಳಗೆ ಕೂತು ಬುತ್ತಿ ಬಿಚ್ಚುತ್ತಿದ್ದರೂ ಸಾಕು. ಹಾಗಾಗಿ ನೀವು ಖುಷಿಯಿಂದ ಹೇಳಿದ 'ವಾರ ಪೂರ್ತಿ ಬಿಸಿಲು' ನನಗೆ ಅಷ್ಟು ಖುಷಿ ಕೊಡಲಿಲ್ಲ.

ಹಗಲಿಡೀ ಕರಗಿದ ಹಿಮವನ್ನು ಮತ್ತೆ ಕಟ್ಟುವುದು ರಾತ್ರಿ. ರಾತ್ರಿ ಚೆನ್ನಾಗಿ ಹೆಪ್ಪುಗಟ್ಟಿದರೆ ಬೆಳಗ್ಗೆ ಇಳಿಜಾರು ಸಿಮೆಂಟ್ ನೆಲದ ಹಾಗೆ. ಅದರ ಮೇಲೆ ನಡೆದರೆ ಬೂಟಿನ ಗುರುತೂ ಮೂಡುವುದಿಲ್ಲ. ಆ ಹೊತ್ತಿಗೆ ಒದ್ದೆ ಹಿಮ ಕುಸಿಯುವ ಸಾಧ್ಯತೆ ತೀರಾ ಕಡಿಮೆ. ರಾತ್ರಿ ಹೆಪ್ಪುಗಟ್ಟದಿದ್ದರೆ ನಿನ್ನೆ ಮಧ್ಯಾಹ್ನದ ಅಪಾಯ ಹಾಗೇ ಕಾದು ಕೂತಿರುತ್ತದೆ. ನೀವು ಎಷ್ಟು ಬೇಗ ಎದ್ದರೂ ಅಷ್ಟೇ. ಹಾಗಾಗಿ ವಸಂತದಲ್ಲಿ ಯಾವ ತಂಡ ಬಂದರೂ ನಾನು ಕೇಳುವ ಮೊದಲ ಪ್ರಶ್ನೆ ಇವತ್ತಿನ ಹವೆಯದಲ್ಲ. ನಿನ್ನೆ ರಾತ್ರಿ ಆಕಾಶ ಹೇಗಿತ್ತು ಅಂತ.

ಇಲ್ಲಿ ಬಹಳ ಜನ ಎಡವುತ್ತಾರೆ. ಥರ್ಮಾಮೀಟರ್ ನೋಡಿ, 'ರಾತ್ರಿ ಸೊನ್ನೆಗಿಂತ ಕೆಳಗಿತ್ತು, ಹೆಪ್ಪುಗಟ್ಟಿರುತ್ತದೆ' ಅಂದುಕೊಳ್ಳುತ್ತಾರೆ. ಆದರೆ ಹಿಮಕ್ಕೂ ಗಾಳಿಗೂ ಒಂದೇ ತಾಪಮಾನ ಇರಬೇಕೆಂದಿಲ್ಲ. ಹಿಮ ತನ್ನ ಬಿಸಿಯನ್ನು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಾಗಿ ಆಕಾಶಕ್ಕೆ ಬಿಡುತ್ತಲೇ ಇರುತ್ತದೆ. ಈ ಕೆಲಸದಲ್ಲಿ ಅದು ಬಲು ಚುರುಕು. ಆಕಾಶ ಬಿಚ್ಚಿಕೊಂಡಿದ್ದು ಗಾಳಿಯಲ್ಲಿ ತೇವ ಕಡಿಮೆ ಇದ್ದರೆ ಆ ಬಿಸಿ ಹೋದದ್ದು ಹೋದದ್ದೇ. ಆಗ ಗಾಳಿ 2 ಡಿಗ್ರಿ ಇದ್ದರೂ ಹಿಮದ ಮೈ ಸೊನ್ನೆಗಿಂತ ಕೆಳಗಿಳಿದು ಗಟ್ಟಿಯಾಗಬಹುದು. ಮೋಡ ಕವಿದಿದ್ದರೆ? ಮೋಡ ಆ ಬಿಸಿಯನ್ನು ಹೀರಿ ಕೆಳಕ್ಕೇ ವಾಪಸ್ ಕಳಿಸುತ್ತದೆ, ಕಂಬಳಿ ಹೊದಿಸಿದ ಹಾಗೆ. ಗಾಳಿ ಸೊನ್ನೆಗಿಂತ ಒಂದು ಡಿಗ್ರಿ ಕೆಳಗಿದ್ದರೂ ಹಿಮ ಮೆತ್ತಗೇ ಉಳಿದುಬಿಡುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಪೆಟ್ಟು ತಿನ್ನುವಷ್ಟು ಹತ್ತಿರ ಹೋಗಿ ಕಲಿತೆ. ಈ ಕೆಲಸಕ್ಕೆ ಹೊಸಬನಾಗಿದ್ದ ದಿನಗಳು. ಬೆಳಗಿನ ಜಾವ ಮೂರಕ್ಕೆ ಟೆಂಟಿನಿಂದ ಹೊರಬಂದೆ. ನಕ್ಷತ್ರ ಕಾಣಲಿಲ್ಲ. ಥರ್ಮಾಮೀಟರ್ ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ ತೋರಿಸುತ್ತಿತ್ತು. 'ಚಳಿ ಇದೆಯಲ್ಲ, ಸಾಕು' ಅಂದುಕೊಂಡೆ. ಹತ್ತು ಹೆಜ್ಜೆ ನಡೆದು ಕೋಲು ಊರಿದೆ. ಮೇಲೆ ಬಳೆಯಷ್ಟು ತೆಳ್ಳಗಿನ ಗಟ್ಟಿ ಪದರ ಚಟ್ ಎಂದು ಒಡೆಯಿತು. ಆಮೇಲೆ ಕೋಲು ಹಿಡಿಕೆಯವರೆಗೂ ಸುಮ್ನೆ ಇಳಿದುಹೋಯಿತು. ಅಲ್ಲೇ ಹಿಂತಿರುಗಬೇಕಿತ್ತು. ಹಿಂದೆ ನಾಲ್ಕು ಜನ ಹೆಡ್‌ಲ್ಯಾಂಪ್ ಹಚ್ಚಿಕೊಂಡು ನಿಂತಿದ್ದರು. ಅಷ್ಟು ದೂರದಿಂದ ಬಂದಿದ್ದಾರೆ, ರಜೆ ಹಾಕಿದ್ದಾರೆ. ಬಾಯಿ ಬರಲಿಲ್ಲ, ನಡೆದೆ. ಬೆಳಗ್ಗೆ ಎಂಟರ ಹೊತ್ತಿಗೆ ಒಂದು ದಿಬ್ಬದ ಮೇಲೆ ಕೂತು ಹಿಂದಕ್ಕೆ ನೋಡುತ್ತಿದ್ದಾಗ, ನಾವು ಒಂದು ಗಂಟೆ ಮೊದಲು ದಾಟಿದ್ದ ಇಳಿಜಾರು ಅಗಲಕ್ಕೆ ಬಿರುಕು ಬಿಟ್ಟು ಕೆಳಗೆ ಹರಿಯಿತು. ಅಬ್ಬರವೇನೂ ಇರಲಿಲ್ಲ. ಕಲಸಿದ ಸಿಮೆಂಟ್ ಲಾರಿಯಿಂದ ಸುರಿದಂತೆ ನಿಧಾನಕ್ಕೆ, ಭಾರವಾಗಿ. ನಮ್ಮ ಹೆಜ್ಜೆ ಗುರುತುಗಳ ಸಾಲು ಒಂದು ಅಂಚಿನವರೆಗೆ ಬಂದು ಅಲ್ಲಿಗೆ ನಿಂತುಹೋಗಿತ್ತು. ಯಾರಿಗೂ ಏನೂ ಆಗಲಿಲ್ಲ. ಅದು ನನ್ನ ಜಾಣತನವಲ್ಲ, ಅಷ್ಟೇ.

ಅಂದಿನಿಂದ ಹೊರಡುವ ಮುಂಚೆ ಎರಡು ಕೆಲಸ ತಪ್ಪಿಸುವುದಿಲ್ಲ. ಮಲಗುವ ಮುಂಚೆ ಮತ್ತು ಎದ್ದ ತಕ್ಷಣ ಆಕಾಶ ನೋಡುತ್ತೇನೆ. ಆಮೇಲೆ ಟೆಂಟಿನ ಹತ್ತಿರ ಯಾರೂ ತುಳಿಯದ ಜಾಗದಲ್ಲಿ ಹಿಮ ಅಗೆದು ಗಟ್ಟಿ ಪದರದ ದಪ್ಪ ನೋಡುತ್ತೇನೆ. ಎರಡು ಮೂರು ಸೆಂಟಿಮೀಟರ್ ಇದ್ದು ಕೆಳಗೆ ಪಚಪಚ ಅಂದರೆ, ಸೂರ್ಯ ಬಂದ ಅರ್ಧ ಮುಕ್ಕಾಲು ಗಂಟೆಯಲ್ಲಿ ಅದರ ಆಟ ಮುಗಿಯುತ್ತದೆ. ಒಂದು ಗೇಣು ಗಟ್ಟಿಯಾಗಿದ್ದರೆ ಕೆಲವು ಗಂಟೆ ಸಿಗುತ್ತದೆ. ಬೆನ್ನ ಮೇಲೆ ಚೀಲ ಹೊತ್ತು ಒಮ್ಮೆ ಎಗರಿ ಕುಕ್ಕುತ್ತೇನೆ. ಕಾಲು ಒಳಗೆ ಹೋದರೆ ಅವತ್ತಿನ ಕಾರ್ಯಕ್ರಮ ಬದಲು. ಒಂದು ನೆನಪಿರಲಿ. ಟೆಂಟಿನ ಬಳಿ ನೋಡಿದ್ದು ಟೆಂಟಿನ ಬಳಿಯ ಸುದ್ದಿ. ಬೇರೆ ದಿಕ್ಕಿಗೆ ಮುಖ ಮಾಡಿದ ಇಳಿಜಾರಿನ ಕತೆ ಬೇರೆ ಇರಬಹುದು.

ಈಗ ನಿಮ್ಮ ನಕ್ಷೆಗೆ ಬರೋಣ. ನಿಮ್ಮ ವಾದದಲ್ಲಿ ಎಲ್ಲರೂ ಹತ್ತುವ ಬದಿಯ ಬಗ್ಗೆಯೇ ಯೋಚಿಸಿದ್ದೀರಿ. ಹತ್ತುವ ಬದಿ ಪಶ್ಚಿಮಕ್ಕಿದೆ. ಅದಕ್ಕೆ ಸರಿಯಾದ ಬಿಸಿಲು ತಾಕುವುದು ಮಧ್ಯಾಹ್ನ. ರಾತ್ರಿ ಹೆಪ್ಪುಗಟ್ಟಿದ್ದರೆ ಬೆಳಗ್ಗೆ ಪೂರ್ತಿ ನೆರಳಲ್ಲಿ ಗಟ್ಟಿಯಾಗೇ ಇರುತ್ತದೆ. ತೊಂದರೆ ಇರುವುದು ಆಚೆ ಬದಿಯಲ್ಲಿ. ಪೂರ್ವದ ಇಳಿಜಾರಿಗೆ ಸೂರ್ಯ ಹುಟ್ಟಿದ ಕ್ಷಣದಿಂದ ಬಿಸಿಲು, ಅದೂ ಇಳಿಜಾರಿನ ಮೈಗೆ ನೆಟ್ಟಗೆ ಬೀಳುವ ಬಿಸಿಲು. ನೀವು ನೆರಳಲ್ಲಿ ನಡುಗುತ್ತಾ ಹತ್ತುತ್ತಿರುವಾಗ, ನಿಮ್ಮ ಕಣ್ಣಿಗೆ ಕಾಣದ ಆಚೆ ಬದಿ ಕರಗಲು ಶುರುವಾಗಿರುತ್ತದೆ. ಪಾಸ್ ಮೇಲೆ ನಿಂತು ಇಣುಕಿದಾಗಲೇ ಗೊತ್ತಾಗುವುದು.

ಹಿಂದಿನಿಂದ ಲೆಕ್ಕ ಹಾಕಿ. ಏಪ್ರಿಲ್ ಕೊನೆಯಲ್ಲಿ ಸುಮಾರು ಆರರ ಹೊತ್ತಿಗೆ ಆ ಬದಿಗೆ ಬಿಸಿಲು ಬಂತು ಅಂತಿಟ್ಟುಕೊಳ್ಳಿ. ರಾತ್ರಿ ಚೆನ್ನಾಗಿ ಹೆಪ್ಪುಗಟ್ಟಿದ್ದರೂ ಏಳೂವರೆಯೊಳಗೆ ಆ ಕಡಿದಾದ ಭಾಗ ಇಳಿದು ಮುಗಿಸಿರಬೇಕು ಅಂತ ನಾನಾದರೆ ಹೇಳುತ್ತೇನೆ. ಇಳಿಯಲು ಒಂದು ಗಂಟೆ. ಅಂದರೆ ಆರೂವರೆಗೆ ಪಾಸ್ ಬಿಡಬೇಕು. ಹತ್ತಲು ಐದು ಗಂಟೆ ಅಂತ ಬರೆದಿದ್ದೀರಿ. ಯಾರದೋ ಬೂಟಿನ ದಾರ ಬಿಚ್ಚುತ್ತದೆ, ಯಾರಿಗೋ ಏದುಸಿರು, ಪಾಸ್ ಮೇಲೆ ಫೋಟೋ ತೆಗೆಯದೆ ಯಾರೂ ಇಳಿಯುವುದಿಲ್ಲ ಅಲ್ವಾ? ಅದಕ್ಕೆಲ್ಲ ಅರ್ಧ ಗಂಟೆ. ಲೆಕ್ಕ ಸರಿಯಾಗಿ ರಾತ್ರಿ ಒಂದಕ್ಕೆ ಬಂದು ನಿಲ್ಲುತ್ತದೆ. ಐದಕ್ಕೆ ಹೊರಟರೆ ನೀವು ಪೂರ್ವದ ಇಳಿಜಾರಿನ ನಡುವೆ ಇರುವುದು ಹತ್ತೂವರೆ ಹನ್ನೊಂದರ ಹೊತ್ತಿಗೆ. ಬೇಕಂತಲೇ ಕೆಟ್ಟ ಹೊತ್ತು ಹುಡುಕಿದರೂ ಇದಕ್ಕಿಂತ ಕೆಟ್ಟದ್ದು ಸಿಗಲಾರದು.

ಇಳಿಜಾರು ಎಷ್ಟು ಕಡಿದಾಗಿದೆ ಅನ್ನುವುದೂ ಮುಖ್ಯ. ಚಪ್ಪಡಿಯಾಗಿ ಕಿತ್ತು ಬರುವ ಹಿಮಕುಸಿತಗಳು ಹೆಚ್ಚಾಗಿ ಶುರುವಾಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನಕ್ಷೆಯಲ್ಲಿ 20 ಮೀಟರ್ ಎತ್ತರ ಏರಲು ಅಡ್ಡಲಾಗಿ 35 ಮೀಟರ್‌ಗಿಂತ ಕಡಿಮೆ ದೂರ ಸಾಕಾದರೆ 30 ಡಿಗ್ರಿ ದಾಟಿತು ಅಂತಲೇ ಲೆಕ್ಕ. ನಿಮ್ಮ ಇಳಿಯುವ ಬದಿಯಲ್ಲಿ ಸುಮಾರು 300 ಮೀಟರ್ ಎತ್ತರದಷ್ಟು ಭಾಗ 35 ಡಿಗ್ರಿಗೂ ಮೇಲಿದೆ. ಕೆಳಗೆ ಅದು ಅಗಲವಾಗಿ ತೆರೆದುಕೊಳ್ಳದೆ ಒಂದು ಕೊರಕಲಿಗೆ ಹೋಗಿ ಸೇರುತ್ತದೆ. ಇದು ನನಗೆ ಇಷ್ಟವಾಗಲಿಲ್ಲ. ಅಗಲ ಬಯಲಿನಲ್ಲಿ ಹರಡಿ ತೆಳ್ಳಗಾಗುವ ಹಿಮ, ಕೊರಕಲಿನಲ್ಲಿ ಮನೆಯೆತ್ತರ ಗುಡ್ಡೆ ಬೀಳುತ್ತದೆ. ಸಣ್ಣ ಕುಸಿತವೂ ಅಲ್ಲಿ ಜೀವ ತೆಗೆಯಲು ಸಾಕು.

ಇನ್ನು ನಿಮ್ಮವರ ನಂಬಿಕೆಗಳು. ಜೋರಾಗಿ ಮಾತಾಡಿದರೆ ಹಿಮ ಕುಸಿಯುತ್ತದೆ ಅನ್ನುವುದು ಸುಳ್ಳು. ಮನುಷ್ಯರ ಕೂಗು ಹುಟ್ಟಿಸುವ ಒತ್ತಡ ಹಿಮದ ಪದರ ಮುರಿಯಲು ಎಲ್ಲಿಯೂ ಸಾಲದು. ಕುಸಿತವನ್ನು ಬೇಕಂತಲೇ ಕೆಡವುವವರು ಸ್ಫೋಟಕ ಬಳಸುತ್ತಾರೆ, ಕೂಗಿ ನೋಡುವುದಿಲ್ಲ. ನಿಮ್ಮ ಗೆಳತಿ ಹೆದರಿ ಬಾಯಿ ಮುಚ್ಚಿದರೆ ಅದೇ ಅಪಾಯ. ಕಡಿದಾದ ಜಾಗದಲ್ಲಿ 'ನಿಲ್ಲಿ', 'ಬನ್ನಿ', 'ಮೇಲೆ ನೋಡಿ' ಅಂತ ಗಂಟಲು ಬಿಟ್ಟು ಕೂಗಲೇಬೇಕು.

ಮಾರ್ಚ್‌ನಲ್ಲಿ ಒಮ್ಮೆ ಕುಸಿದಿದೆ, ಇನ್ನು ಭಯವಿಲ್ಲ ಅನ್ನುವುದು ಅರ್ಧ ನಿಜ. ನೆಲ ಕಾಣುವಷ್ಟು ಪೂರ್ತಿ ಜಾರಿ ಹೋಗಿದ್ದರೆ ಆ ಪಟ್ಟಿಯಲ್ಲಿ ಮತ್ತೆ ಜಾರಲು ಹಿಮವೇ ಇರುವುದಿಲ್ಲ, ನಿಜ. ಆದರೆ ಮೇಲಿನ ಪದರ ಮಾತ್ರ ಹೋಗಿ ಕೆಳಗಿನದು ಉಳಿದಿರಬಹುದು. ಆಮೇಲೆ ಬಿದ್ದ ಹಿಮ ಅದರ ಮೇಲೆ ಕೂತಿರಬಹುದು. ಅಕ್ಕಪಕ್ಕ, ತಲೆಯ ಮೇಲೆ ಹರಿದುಳಿದ ಅಂಚು ನೇತಾಡುತ್ತಿರಬಹುದು. ಇನ್ನೊಂದು ಮಾತು ನೀವು ಬರೆದಿಲ್ಲ, ಆದರೆ ಅಲ್ಲಿ ಹೋದಾಗ ಯಾರಾದರೂ ಹೇಳೇ ಹೇಳುತ್ತಾರೆ: 'ಹೋದ ವಾರ ಒಂದು ಗುಂಪು ದಾಟಿತು, ಹೆಜ್ಜೆ ಗುರುತು ಇದೆ ನೋಡಿ.' ಆ ಗುಂಪು ದಾಟಿದ್ದು ಎಷ್ಟು ಹೊತ್ತಿಗೆ, ಹಿಂದಿನ ರಾತ್ರಿ ಆಕಾಶ ಹೇಗಿತ್ತು ಅನ್ನುವುದು ಗುರುತಿನಲ್ಲಿ ಬರೆದಿರುವುದಿಲ್ಲ.

ಹಳೇ ಹಿಮ ಕೂತು ಗಟ್ಟಿಯಾಗಿರುತ್ತದೆ ಅನ್ನುವ ಮಾತೂ ಇದೆ. ಇದು ಸ್ವಲ್ಪ ಬಿಡಿಸಿ ಹೇಳಬೇಕಾದದ್ದು. ಚಳಿಗಾಲದ ಆರಂಭದಲ್ಲಿ ತೆಳ್ಳಗೆ ಬಿದ್ದ ಹಿಮ ನೆಲದ ಬಿಸಿಗೂ ಗಾಳಿಯ ಚಳಿಗೂ ಸಿಕ್ಕಿ ಸಕ್ಕರೆಯಂಥ ಹರಳುಗಳಾಗಿ ಬದಲಾಗುತ್ತದೆ. ಕೈಯಲ್ಲಿ ಹಿಡಿದರೆ ಉಂಡೆ ಆಗುವುದಿಲ್ಲ, ಬೆರಳ ಸಂದಿಯಿಂದ ಉದುರುತ್ತದೆ. ಇಂಥ ಪದರ ತಿಂಗಳುಗಟ್ಟಲೆ ಅಡಿಯಲ್ಲಿ ಸದ್ದಿಲ್ಲದೆ ಇರುತ್ತದೆ. ವಸಂತದ ಮೊದಲ ಬಿಸಿ ದಿನಗಳಲ್ಲಿ ಕರಗಿದ ನೀರು ಮೊಟ್ಟಮೊದಲ ಬಾರಿಗೆ ಅಲ್ಲಿಗೆ ಇಳಿದಾಗ, ಉಳಿದಿದ್ದ ಅಷ್ಟಿಷ್ಟು ಹಿಡಿತವೂ ಹೋಗುತ್ತದೆ. ಆಗ ಇಡೀ ಚಳಿಗಾಲದ ಹಿಮ ಒಟ್ಟಿಗೆ ಬರಬಹುದು. ಅದೇ ಹಿಮ ಹಲವು ಸಲ ಕರಗಿ, ಹಲವು ರಾತ್ರಿ ಹೆಪ್ಪುಗಟ್ಟಿ, ನೀರು ಹರಿಯಲು ತನ್ನದೇ ದಾರಿ ಮಾಡಿಕೊಂಡ ಮೇಲೆ ನಿಜಕ್ಕೂ ನಂಬಿಕೆಗೆ ಅರ್ಹವಾಗುತ್ತದೆ. ಹಾಗಾಗಿ ಹಿಮ ಹಳೆಯದಾ ಅಂತ ಕೇಳಿದರೆ ಸಾಲದು. ಎಷ್ಟು ಸಲ ಕರಗಿ ಎಷ್ಟು ಸಲ ಹೆಪ್ಪುಗಟ್ಟಿದೆ ಅಂತ ಕೇಳಬೇಕು. ಸಾಲಾಗಿ ಎರಡು ಮೂರು ರಾತ್ರಿ ಹೆಪ್ಪುಗಟ್ಟದೆ ಹೋದರೆ ಆ ಸುತ್ತಿನ ಕಡಿದಾದ ಜಾಗಗಳಿಗೆ ನಾನು ಹೋಗುವುದೇ ಇಲ್ಲ, ಬೆಳಗ್ಗೆಯೂ. ಉತ್ತರಾರ್ಧಗೋಳದಲ್ಲಿ ಉತ್ತರಕ್ಕೆ ಮುಖ ಮಾಡಿದ ಎತ್ತರದ ಇಳಿಜಾರುಗಳದು ಇನ್ನೊಂದು ತಂಟೆ. ಕಣಿವೆಯಲ್ಲಿ ವಸಂತ ಬಂದಿದ್ದರೂ ಅಲ್ಲಿ ಇನ್ನೂ ಚಳಿಗಾಲವೇ ನಡೆಯುತ್ತಿರುತ್ತದೆ.

ಫೋಟೋ ನೋಡಿ ನನಗೆ ಹೆಚ್ಚು ಚಿಂತೆಯಾಗಿದ್ದು ಪಾಸ್ ಬಗ್ಗೆ ಅಲ್ಲ, ನಿಮ್ಮ ಟೆಂಟ್ ಬಗ್ಗೆ. ಸಮತಟ್ಟು ಜಾಗ, ಪಕ್ಕದಲ್ಲಿ ತೊರೆ, ಚೆಂದವಾಗಿದೆ. ಆದರೆ ತೊರೆಯ ಈಚೆ, ಎಡಕ್ಕೆ ನೋಡಿ. ಮಾಸಲು ಬಣ್ಣದ, ಕುಂಬಳಗಾತ್ರದ ಹಿಮದ ಉಂಡೆಗಳ ರಾಶಿ ಇದೆ. ಅದರಲ್ಲಿ ಮುರಿದ ಕೊಂಬೆಗಳು ಸಿಕ್ಕಿಕೊಂಡಿವೆ. ಆಕಾಶದಿಂದ ಬಿದ್ದ ಹಿಮ ಹಾಗೆ ಇರುವುದಿಲ್ಲ. ಅದು ಹಳೇ ಹಿಮಕುಸಿತ ಬಂದು ನಿಂತ ಜಾಗ. ಹಿಂದಿನ ಮರಗಳನ್ನು ಗಮನಿಸಿ. ಬೆಟ್ಟದ ಕಡೆಯ ಕೊಂಬೆಗಳೇ ಇಲ್ಲ, ಎಳೆಯ ಮರಗಳೆಲ್ಲ ಕಣಿವೆಯ ಕಡೆಗೆ ಬಾಗಿವೆ. ಅಲ್ಲಿ ಒಂದು ಸಲವಲ್ಲ, ಮತ್ತೆ ಮತ್ತೆ ಹಿಮ ಬಂದಿದೆ. ನೆಲ ಚಪ್ಪಟೆ ಇದ್ದರೆ ಸಾಲದು, ತಲೆಯ ಮೇಲೇನಿದೆ ಅಂತ ನೋಡಬೇಕು. ನೀವು ಪಾಸ್ ಮೇಲೆ ಕಳೆಯುವುದು ಒಂದೆರಡು ಗಂಟೆ. ಆ ಟೆಂಟಿನಲ್ಲಿ ಎರಡು ಮಧ್ಯಾಹ್ನ, ಎರಡು ಸಂಜೆ. ದೊಡ್ಡ ಮರಗಳು ನೆಟ್ಟಗೆ ಬೆಳೆದಿರುವ ಜಾಗಕ್ಕೋ, ಕಣಿವೆಯ ನಡುವಿನ ದಿಬ್ಬದ ಮೇಲಕ್ಕೋ ಟೆಂಟ್ ಬದಲಿಸಿ ಅಂತ ಗೈಡ್‌ಗೆ ಇವತ್ತೇ ಹೇಳಿ. ನೀರು ತರಲು ಹತ್ತು ನಿಮಿಷ ಜಾಸ್ತಿ ನಡೆಯಬೇಕಾಗಬಹುದು, ನಡೆಯಿರಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಅಂದುಕೊಂಡಂತೆ ಪಾಸ್ ದಾಟುವುದೇ ಆದರೆ ರಾತ್ರಿ ಒಂದಕ್ಕೆ ಹೊರಡಿ. ಇದರಲ್ಲಿ ಹಿಮಕುಸಿತದ ಭಯ ಕಡಿಮೆಯಾಗುತ್ತದೆ, ಆದರೆ ಜಾರುವ ಭಯ ಏರುತ್ತದೆ. ಹೆಪ್ಪುಗಟ್ಟಿದ 35 ಡಿಗ್ರಿ ಇಳಿಜಾರಿನಲ್ಲಿ ಒಮ್ಮೆ ಕಾಲು ತಪ್ಪಿದರೆ ಸೆಕೆಂಡುಗಳಲ್ಲಿ ವೇಗ ಹಿಡಿಯುತ್ತದೆ, ನಿಲ್ಲುವುದು ಕೆಳಗಿನ ಬಂಡೆಗೆ. ಬೇಗ ಹೊರಡಿ ಅಂತ ಹೇಳುವವರು ಇದನ್ನು ಹೇಳುವುದು ಕಡಿಮೆ. ಆರೂ ಜನರಿಗೆ ಕ್ರ್ಯಾಂಪಾನ್ (ಬೂಟಿಗೆ ಕಟ್ಟುವ ಲೋಹದ ಮುಳ್ಳುಪಟ್ಟಿ), ಐಸ್ ಆ್ಯಕ್ಸ್ (ಹಿಮಕ್ಕೆ ಊರುವ ಕೊಡಲಿ) ಬೇಕು. ಜಾರಿದಾಗ ಆ್ಯಕ್ಸ್ ಊರಿ ತಡೆದುಕೊಳ್ಳುವುದನ್ನು ಮೊದಲೇ ಕಲಿತಿರಬೇಕು. ಕಲಿಯದವರ ಕೈಯಲ್ಲಿ ಅದು ಸುಮ್ನೆ ಒಂದು ಚೂಪಾದ ಕಬ್ಬಿಣ. ಪಾಸ್ ಅಂಚಿನಲ್ಲಿ ಗಾಳಿ ಕಟ್ಟಿದ ಹಿಮದ ಸೂರು ಆಚೆಗೆ ಚಾಚಿರುತ್ತದೆ. ಮೇಲೆ ನಿಂತವರಿಗೆ ಅದು ಗಟ್ಟಿ ನೆಲದಂತೇ ಕಾಣುತ್ತದೆ. ಅಂಚಿಗೆ ಹೋಗಿ ಇಣುಕಬೇಡಿ. ನೀವು ಎಣಿಸಿದ್ದಕ್ಕಿಂತ ಹಿಂದಕ್ಕೆ ಅದು ಮುರಿಯುತ್ತದೆ.

ಎರಡನೆಯದು, ಪಾಸ್‌ವರೆಗೆ ಹೋಗಿ ಬಂದ ದಾರಿಯಲ್ಲೇ ವಾಪಸ್ ಇಳಿಯುವುದು. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಆರಿಸುತ್ತೇನೆ. ಪಶ್ಚಿಮದ ಬದಿ ಬೆಳಗ್ಗೆ ಪೂರ್ತಿ ನೆರಳಲ್ಲಿರುತ್ತದೆ. ಎರಡಕ್ಕೆ ಹೊರಟರೂ ಹತ್ತರೊಳಗೆ ಕೆಳಗಿರುತ್ತೀರಿ. ಆಚೆಯ ಕಣಿವೆ ನೋಡಿದ ಹಾಗೂ ಆಯಿತು. ಹೌದು, ದಾಟಿದೆವು ಅಂತ ಹೇಳಿಕೊಳ್ಳಲು ಆಗುವುದಿಲ್ಲ. ಇಲ್ಲಿಯೂ ಅಪಾಯ ಸೊನ್ನೆ ಅಲ್ಲ. ರಾತ್ರಿ ಹೆಪ್ಪುಗಟ್ಟಿರಲೇಬೇಕು, ಮೇಲೆ ಗಾಳಿ ಕಟ್ಟಿದ ಹೊಸ ಚಪ್ಪಡಿ ಇರಬಾರದು.

ಮೂರನೆಯದು, ಕೈಯಲ್ಲಿ ಒಂದು ದಿನ ಹೆಚ್ಚು ಇಟ್ಟುಕೊಳ್ಳುವುದು. ಮೂರನೇ ದಿನ ಸರಿ ಇಲ್ಲದಿದ್ದರೆ ನಾಲ್ಕನೇ ದಿನ. ರಜೆ ಮುಗಿಯುತ್ತದೆ ಅನ್ನುವ ಒಂದೇ ಕಾರಣಕ್ಕೆ ಕೆಟ್ಟ ಬೆಳಗಿನಲ್ಲಿ ಹೊರಟವರನ್ನು ಬೇಕಾದಷ್ಟು ನೋಡಿದ್ದೇನೆ, ನನ್ನನ್ನೂ ಸೇರಿಸಿ. ಇನ್ನು ಪಾಸ್ ಬಿಟ್ಟು ಕಣಿವೆಯಲ್ಲೇ 30 ಡಿಗ್ರಿಗಿಂತ ಕಡಿಮೆ ಇರುವ, ತಲೆಯ ಮೇಲೂ ಕಡಿದಾದ ಇಳಿಜಾರಿಲ್ಲದ ಜಾಗಗಳಲ್ಲಿ ತಿರುಗಾಡಿ ಬರುವುದಂತೂ ಯಾವಾಗಲೂ ಇದ್ದೇ ಇದೆ.

ಆ ಪ್ರದೇಶಕ್ಕೆ ಹಿಮಕುಸಿತದ ಮುನ್ಸೂಚನೆ ಸಿಗುತ್ತಿದ್ದರೆ ದಿನವೂ ಓದಿ. ಅಪಾಯವನ್ನು 1ರಿಂದ 5ರವರೆಗೆ ಹೇಳುತ್ತಾರೆ. 3 ಅಂದರೆ ನಡುಮಧ್ಯ, ಪರವಾಗಿಲ್ಲ ಅಂದುಕೊಳ್ಳಬೇಡಿ. ಜನ ಹಾಗೆ ಅಂದುಕೊಳ್ಳುವುದರಿಂದಲೋ ಏನೋ, ಅತಿ ಹೆಚ್ಚು ಸಾವು ಆಗುವುದು 3ರಲ್ಲೇ. ವಸಂತದಲ್ಲಿ ಎಷ್ಟೋ ಕಡೆ ಬೆಳಗಿಗೆ ಒಂದು, ಮಧ್ಯಾಹ್ನಕ್ಕೆ ಒಂದು ಹಂತ ಕೊಡುತ್ತಾರೆ. ಎರಡನ್ನೂ ನೋಡಿ.

ದಾರಿಯಲ್ಲಿ ಹಿಮವೇ ಮಾತಾಡುತ್ತದೆ. ಮೇಲಿನಿಂದ ಸಣ್ಣ ಹಿಮದ ಉಂಡೆಗಳು ಚಕ್ರದಂತೆ ಸುತ್ತಿಕೊಳ್ಳುತ್ತಾ ಉರುಳಿ ಬರತೊಡಗಿದರೆ ಮೈ ಕರಗಲು ಶುರುವಾಗಿದೆ ಅಂತ. ಬೂಟು ಪಾದ ಮುಳುಗುವಷ್ಟು ಇಳಿದರೆ ಆ ಇಳಿಜಾರು ಬಿಟ್ಟು ಹೊರಡುವ ಹೊತ್ತು ಬಂತು. ಮೊಣಕಾಲಿನ ಹತ್ತಿರ ಬಂದರೆ ಹೊರಡುವ ಹೊತ್ತು ದಾಟಿತು. ಒಂದು ಹಿಡಿ ಹಿಮ ಹಿಂಡಿದಾಗ ಬೆರಳಿನಿಂದ ನೀರು ತೊಟ್ಟಿಕ್ಕಿದರೂ ಅದೇ ಅರ್ಥ. ಇಳಿಜಾರಿಗೆ ಅಡ್ಡಲಾಗಿ ಬಾಯಿ ಬಿಟ್ಟಂತೆ ದೊಡ್ಡ ಬಿರುಕು ಕಂಡರೆ, ಅಲ್ಲಿ ಹಿಮ ನೆಲದ ಮೇಲೇ ಜಾರುತ್ತಿದೆ. ಇಂಥದು ಹಗಲು ರಾತ್ರಿ ನೋಡುವುದಿಲ್ಲ, ಯಾವಾಗ ಬೇಕಾದರೂ ಬರುತ್ತದೆ. ಅದರ ಕೆಳಗೆ ನಿಲ್ಲಲೇಬೇಡಿ. ಕಾಲಡಿಯಲ್ಲಿ 'ಧುಂ' ಎಂದು ಟೊಳ್ಳು ಸದ್ದು ಬಂದರೆ ಒಳಗೆಲ್ಲೋ ಪದರ ಕುಸಿದಿದೆ ಅಂತ. ತಕ್ಷಣ ವಾಪಸ್. ಕಡಿದಾದ ಭಾಗವನ್ನು ಒಬ್ಬೊಬ್ಬರಾಗಿ ದಾಟಿ. ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ದಾಟುವವರನ್ನೇ ನೋಡುತ್ತಿರಬೇಕು, ಫೋನ್ ನೋಡುತ್ತಿರಬಾರದು. ಕೋಲಿನ ಕುಣಿಕೆಯಿಂದ ಕೈ ಹೊರತೆಗೆದಿರಿ.

ಕೊನೆಗೆ ಬೀಕನ್. ಗುಂಪಿಗೆ ಒಂದು ಬೀಕನ್ ಅಂದರೆ ಊರಿಗೆಲ್ಲ ಒಂದೇ ಫೋನ್ ಇದ್ದಂತೆ. ಯಾರಿಗೆ ಕರೆ ಮಾಡುತ್ತೀರಿ? ಅದನ್ನು ಹಾಕಿಕೊಂಡವರು ಹೂತುಹೋದರೆ ಅವರ ಸಿಗ್ನಲ್ ಹಿಡಿಯಲು ಮೇಲಿದ್ದವರ ಹತ್ತಿರ ಏನೂ ಇಲ್ಲ. ಬೇರೆಯವರು ಹೂತುಹೋದರೆ ಅವರಿಂದ ಸಿಗ್ನಲ್ಲೇ ಬರುವುದಿಲ್ಲ. ಗೈಡ್ ಸೇರಿ ಆರು ಜನರಿಗೆ ಆರು ಬೇಕು. ಬೇರೆ ಬೇರೆ ಕಂಪನಿಯದಾದರೂ ಪರವಾಗಿಲ್ಲ, ಎಲ್ಲವೂ 457 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತವೆ. ಜೊತೆಗೆ ಪ್ರತಿಯೊಬ್ಬರ ಬೆನ್ನಲ್ಲೂ ಒಂದು ಪ್ರೋಬ್ ಕೋಲು (ಹಿಮಕ್ಕೆ ಚುಚ್ಚಿ ಹೂತವರನ್ನು ತಡಕುವ ಉದ್ದ ಕೋಲು), ಒಂದು ಲೋಹದ ಸಲಿಕೆ. ಬೀಕನ್ ಜಾಗ ತೋರಿಸುತ್ತದೆ, ಅಗೆಯುವುದಿಲ್ಲ. ಒಂದು ಘನ ಮೀಟರ್ ಒದ್ದೆ ಹಿಮ ಅರ್ಧ ಟನ್ ತೂಗುತ್ತದೆ, ನಿಂತ ಕೂಡಲೇ ಬಿಗಿದು ಗಟ್ಟಿಯಾಗುತ್ತದೆ. ಕೈಯಲ್ಲಿ ಕೆರೆಯಲು ಆಗುವುದಿಲ್ಲ. ಸ್ವಿಟ್ಜರ್ಲೆಂಡಿನ ದಾಖಲೆಗಳ ಪ್ರಕಾರ ಪೂರ್ತಿ ಹೂತುಹೋದವರನ್ನು ಮೊದಲ ಹತ್ತು ನಿಮಿಷದಲ್ಲಿ ತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಆಗುವಷ್ಟರಲ್ಲಿ ಅದು ಮೂವರಲ್ಲಿ ಒಬ್ಬರಿಗೆ ಇಳಿಯುತ್ತದೆ. ಹೆಲಿಕಾಪ್ಟರ್ ಬರುವವರೆಗೆ ಕಾಯುವ ಲೆಕ್ಕ ಇದಲ್ಲ. ನಿಮ್ಮನ್ನು ಹುಡುಕುವವರು ಆ ಐದು ಜನರೇ. ಹೊರಡುವ ಮುಂಚೆ ಯಾವುದಾದರೂ ಮೈದಾನದಲ್ಲಿ ಒಂದು ಬೀಕನ್ ಬಚ್ಚಿಟ್ಟು ಐದು ನಿಮಿಷದೊಳಗೆ ಹುಡುಕುವ ಆಟ ಆಡಿ. ಮೊದಲ ದಿನ ಇಪ್ಪತ್ತು ನಿಮಿಷ ಆಗುತ್ತದೆ. ನಗು ಬರುತ್ತದೆ. ಮೂರನೇ ದಿನಕ್ಕೆ ಕೈ ಪಳಗುತ್ತದೆ.

ಎರಡನೇ ರಾತ್ರಿ, ಮಲಗುವ ಮುಂಚೆ ಒಮ್ಮೆ ಟೆಂಟಿನಿಂದ ತಲೆ ಹೊರಗೆ ಹಾಕಿ. ನಕ್ಷತ್ರ ಕಂಡರೆ ಹನ್ನೆರಡಕ್ಕೆ ಅಲಾರಂ ಇಡಿ, ಎದ್ದು ಹಿಮ ಒದ್ದು ನೋಡಿ. ಮೋಡ ಕವಿದಿದ್ದರೆ ಅಲಾರಂ ಇಡಬೇಡಿ, ಬೆಳಗಾಗುವವರೆಗೆ ಮಲಗಿ.